ಕಂಡೋಲೆನ್ಸ್ ಬರೆಯೋದು ಹೇಗೆ? ಅಂಕೋಲಾದ ಟೈಪಿಂಗ್ ಅಂಗಡಿಯಿಂದ ನಾಲ್ಕು ಮಾತು

ಅಂಕೋಲಾ ಬಸ್‌ಸ್ಟ್ಯಾಂಡಿನಿಂದ ನಡೆದು ಬರುವಷ್ಟು ದೂರದಲ್ಲಿ ನನ್ನ ಅಂಗಡಿ. ಮೊದಲು ಇಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಹಾಗಾಗಿ ಇವತ್ತಿಗೂ ಎಲ್ಲರೂ 'ಅಕ್ಕೋರೆ' ಅಂತಲೇ ಕರೆಯುತ್ತಾರೆ. ನಮ್ಮ ಕಡೆ ಅಕ್ಕೋರು ಅಂದರೆ ಟೀಚರು. ಟೈಪ್‌ರೈಟರುಗಳು ಈಗ ಅಟ್ಟ ಸೇರಿವೆ. ಕೆಳಗೆ ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಶಿನ್ನು. ಫ್ಲೆಕ್ಸ್ ಆದರೆ ಡಿಸೈನ್ ಇಲ್ಲಿ ಮಾಡಿ ಪ್ರಿಂಟಿಗೆ ಬೇರೆ ಕಡೆ ಕಳಿಸುತ್ತೇನೆ.

ಮದುವೆ ಕಾರ್ಡಿಗೆ ಸೀಸನ್ ಇದೆ, ಸಾವಿಗೆ ಇಲ್ಲ. ಶ್ರದ್ಧಾಂಜಲಿ ಫ್ಲೆಕ್ಸು, ವೈಕುಂಠ ಸಮಾರಾಧನೆಯ ಕಾರ್ಡು, ಊರಿನ ಸಂಘದ ಸಂತಾಪ ಪತ್ರ ಎಲ್ಲ ವರ್ಷವಿಡೀ ಬರುತ್ತಲೇ ಇರುತ್ತವೆ. ಇತ್ತೀಚೆಗೆ ಇನ್ನೊಂದು ಜಾಸ್ತಿಯಾಗಿದೆ. ಮಕ್ಕಳು ಬೆಂಗಳೂರಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ ಇದ್ದಾರಲ್ಲ. ಅವರ ಬಾಸಿನ ಮನೆಯಲ್ಲೋ ಬೀಗರ ಪರಿಚಯದವರ ಮನೆಯಲ್ಲೋ ಸಾವಾದರೆ ಜನ ಮೊಬೈಲ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. "ಅಕ್ಕೋರೆ, ಇವರಿಗೊಂದು ಕಂಡೋಲೆನ್ಸ್ ಹಾಕ್ಬೇಕಿತ್ತು. ಎಂತ ಬರೂದು?"

ಬರೆಯೋದಕ್ಕೆ ಮೊದಲು ಆ ಶಬ್ದದ ಒಳಗೆ ಏನಿದೆ ಅಂತ ನೋಡಿಬಿಡೋಣ. ಅದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಕಂಡೋಲೆನ್ಸ್ ಇಂಗ್ಲಿಷಿಗೆ ಲ್ಯಾಟಿನ್ನಿನಿಂದ ಬಂದದ್ದು. 'ಕೊಮ್' ಅಂದರೆ ಜೊತೆಗೆ. 'ಡೊಲೆರೆ' ಅಂದರೆ ನೋಯುವುದು. ಎರಡೂ ಸೇರಿ 'ಕೊಂಡೊಲೆರೆ', ಇನ್ನೊಬ್ಬರ ಜೊತೆ ತಾನೂ ನೋಯುವುದು. ಇಂಗ್ಲಿಷಿನಲ್ಲಿ ಕಂಡೋಲ್ ಅನ್ನುವ ಕ್ರಿಯಾಪದ 1500ರ ದಶಕಗಳ ಕೊನೆಯ ಹೊತ್ತಿಗೆ ಕಾಣಿಸಿಕೊಂಡಿತು. ಕಂಡೋಲೆನ್ಸ್ ಬಂದದ್ದು 1600ರ ಆಸುಪಾಸಿನಲ್ಲಿ. ಡೊಲೆರೆಯ ನಂಟರು ಇನ್ನೂ ಇದ್ದಾರೆ. ಕ್ರಿಶ್ಚಿಯನ್ ಮನೆಗಳಲ್ಲಿ ಡೋಲೊರೆಸ್ ಅನ್ನುವ ಹೆಸರು ಕೇಳಿರುತ್ತೀರಿ. ಅದು ವ್ಯಾಕುಲ ಮಾತೆಯ ಹೆಸರು, ನೋವುಗಳು ಅಂತಲೇ ಅರ್ಥ. ಇಂಗ್ಲಿಷಿನಲ್ಲಿ ಸೋಮಾರಿಗೆ ಇಂಡೋಲೆಂಟ್ ಅನ್ನುತ್ತಾರೆ. ಮೂಲದಲ್ಲಿ ಅದಕ್ಕೆ 'ನೋವಿಲ್ಲದ' ಅಂತ ಅರ್ಥ. ಮೈ ನೋಯಿಸಿಕೊಳ್ಳದವನು ಸೋಮಾರಿಯಾದ, ಸರಿಯಾಗೇ ಇದೆ!

ನಮ್ಮ ಶಬ್ದಗಳೂ ಕಡಿಮೆಯವಲ್ಲ. ಅನುಕಂಪ ಅನ್ನುತ್ತೇವೆ. ಅದರ 'ಕಂಪ' ಭೂಕಂಪದ್ದೇ ಕಂಪ, ನಡುಗುವುದು. ಇನ್ನೊಬ್ಬರು ನಡುಗಿದಾಗ ಜೊತೆಗೆ ತಾನೂ ನಡುಗುವುದು ಅನುಕಂಪ. ಸಂತಾಪದ 'ತಾಪ' ತಾಪಮಾನದ ತಾಪ, ಸುಡುವ ಬಿಸಿ. ಲ್ಯಾಟಿನ್ನಿನವರು ಜೊತೆಗೆ ನೊಂದರು, ಸಂಸ್ಕೃತದವರು ಜೊತೆಗೆ ನಡುಗಿದರು. ಪೋರ್ಚುಗೀಸರದ್ದು ಇನ್ನೊಂದು ದಾರಿ. ಅವರು ಸಾವಿನ ಮನೆಗೆ ಹೇಳಿ ಕಳಿಸುವ ಮಾತು 'ಪೇಸಮೆಸ್'. ಅದು 'ಪೆಸಾ ಮೆ' ಅನ್ನುವುದರಿಂದ ಆದದ್ದು, ನನಗೆ ಭಾರವಾಗಿದೆ ಅಂತ ಅರ್ಥ. ಕಾರವಾರ ದಾಟಿ ಮಾಜಾಳಿಯ ಆಚೆ ಹೋದರೆ ಗೋವಾ. ಅಲ್ಲಿ ಹಿಂದೆ ಎಷ್ಟು ಮನೆಗಳಿಗೆ ಈ ಭಾರದ ಪತ್ರ ಹೋಗಿರಬೇಕು!

ಇದನ್ನೆಲ್ಲ ಒಮ್ಮೆ ಒಬ್ಬ ಅಜ್ಜಿಗೆ ವಿವರಿಸುತ್ತಿದ್ದೆ. ಮೊಮ್ಮಗನ ಜೊತೆ ಬಂದು ಬೆಂಚಿನ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಕೇಳಿ ಮುಗಿಸಿ, "ಕಂಡೋಲೆನ್ಸ್ ಅಂದ್ರೆ ಕಂಡ್ಕಂಡು ಬರೂದು ಅಂತ ಅಂದ್ಕಂಡಿದ್ದೆ ನಾ" ಅಂದರು. ಶಬ್ದದ ಮೂಲ ಅದಲ್ಲ. ಆದರೆ ಅವರು ಹೇಳಿದ್ದು ತಪ್ಪು ಅನ್ನೋದಕ್ಕೆ ನನಗೆ ಬಾಯಿ ಬರಲಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ಮೊದಲು ತಿಳಿಯಬೇಕಾದ್ದು ಕಂಡೋಲೆನ್ಸ್ ಯಾರಿಗೆ ಅಂತ. ಅದು ಬದುಕಿರುವವರಿಗೆ, ಸತ್ತವರಿಗಲ್ಲ. ಎಷ್ಟೋ ಜನ 'ಅಗಲಿದ ಆತ್ಮಕ್ಕೆ ಕಂಡೋಲೆನ್ಸ್' ಅಂತ ಬರೆಸುತ್ತಾರೆ. ಹೋದವರ ಜೊತೆ ನೋಯೋದು ಹೇಗೆ? ಹೋದವರಿಗೆ ಸಲ್ಲುವುದು ಶ್ರದ್ಧಾಂಜಲಿ. ಅಂಜಲಿ ಅಂದರೆ ಜೋಡಿಸಿದ ಬೊಗಸೆ. ಉಳಿದವರಿಗೆ ಹೇಳುವುದು ಸಂತಾಪ, ಸಾಂತ್ವನ, ಕಂಡೋಲೆನ್ಸ್. ಫ್ಲೆಕ್ಸಿನಲ್ಲಿ ಫೋಟೋ ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಇರಲಿ. ಮನೆಯವರ ಕೈಗೆ ಕೊಡುವ ಪತ್ರಕ್ಕೆ ಅದನ್ನೇ ತಲೆಬರಹ ಮಾಡಬೇಡಿ.

ಎರಡನೆಯದು ಸ್ಪೆಲ್ಲಿಂಗು. ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಂಗಡಿಗೆ ಕಂಪ್ಯೂಟರ್ ಬಂದ ಹೊಸತು. ಒಬ್ಬರು ಮುಂಬೈಯಲ್ಲಿ ತಾವು ಮೊದಲು ಕೆಲಸ ಮಾಡುತ್ತಿದ್ದ ಕಡೆಯ ಮಾಲೀಕರಿಗೆ ಪತ್ರ ಹೊಡೆಸಿದರು. ಮಾಲೀಕರ ತಂದೆ ತೀರಿಕೊಂಡಿದ್ದರು. 'ಕಂಡೋಲ್' ಅಂತ ಹೊಡೆಯುವ ಜಾಗದಲ್ಲಿ 'ಕಂಡೋನ್' ಅಂತ ಹೊಡೆದೆ. ಎಲ್ ಬದಲು ಎನ್, ಒಂದೇ ಅಕ್ಷರ. ಕಂಡೋನ್ ಕೂಡ ಇಂಗ್ಲಿಷಿನಲ್ಲಿ ಇರುವ ಶಬ್ದವೇ, ಹಾಗಾಗಿ ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲ. ಅದರ ಅರ್ಥ ತಪ್ಪನ್ನು ಮನ್ನಿಸುವುದು. ಕಾಲೇಜಿನಲ್ಲಿ ಅಟೆಂಡೆನ್ಸ್ ಕಡಿಮೆಯಾದರೆ ಕಂಡೋನೇಷನ್ ಫೀ ಕಟ್ಟಿಸಿಕೊಳ್ಳುತ್ತಾರಲ್ಲ, ಅದೇ. ಅಂದರೆ ಆ ಪತ್ರದ ಪ್ರಕಾರ, 'ನಿಮ್ಮ ತಂದೆಯವರ ಸಾವನ್ನು ನಾವು ಮನ್ನಿಸಿದ್ದೇವೆ.' ಪತ್ರ ಪೋಸ್ಟಿಗೆ ಬಿದ್ದು ಎರಡು ದಿನವಾದ ಮೇಲೆ ಫೈಲಿನಲ್ಲಿ ನೋಡಿದೆ. ಹೊಟ್ಟೆಯೊಳಗೆ ತಣ್ಣಗಾಯಿತು. ಆ ಮನುಷ್ಯನಿಗೆ ಹೇಳುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ. ಅವರು ಓದುತ್ತಿದ್ದರೆ, ಕ್ಷಮಿಸಿ ಮಾವ.

ಅಂದಿನಿಂದ ನನಗೆ ನಾನೇ ಒಂದು ಗುರುತು ಇಟ್ಟುಕೊಂಡಿದ್ದೇನೆ. ಡೋಲೋ ಮಾತ್ರೆ. ಡೋಲೋ ನೋವಿಗೆ, ಕಂಡೋಲೆನ್ಸ್ ನೋವಿನ ಜೊತೆ. ಎರಡರಲ್ಲೂ ಡಿ, ಒ, ಎಲ್ ಸಾಲಾಗಿ ಬರಬೇಕು. ಆಮೇಲೆ ಇ-ಎನ್-ಸಿ-ಇ. ಎ-ಎನ್-ಸಿ-ಇ ಅಲ್ಲ. ಹೇಳುವಾಗ ಒತ್ತು 'ಡೋ' ಮೇಲೆ. ಪತ್ರದಲ್ಲಿ ಬಹುವಚನ ಬರೆಯಿರಿ, ಕೊನೆಗೆ ಎಸ್ ಸೇರಿಸಿ: ಕಂಡೋಲೆನ್ಸಸ್. ಇಂಗ್ಲಿಷಿನವರ ರೂಢಿ ಹಾಗೆ. ಸಭೆಗೆ ಮಾತ್ರ ಕಂಡೋಲೆನ್ಸ್ ಮೀಟಿಂಗ್.

ಅದರ ಹಿಂದೆ ಹಚ್ಚುವ ಶಬ್ದದಲ್ಲೂ ಜನ ಎಡವುತ್ತಾರೆ. 'ಹಾರ್ಟಿ ಕಂಡೋಲೆನ್ಸಸ್' ಅಂತ ಬರೆಸಿಕೊಂಡು ಹೋದವರು ಎಷ್ಟೋ. ಹಾರ್ಟಿ ಅಂದರೆ ಉಲ್ಲಾಸದ, ಹುರುಪಿನ ಅಂತ. ಹೊಟ್ಟೆ ತುಂಬ ಉಂಡ ಊಟಕ್ಕೂ, ಜೋರು ನಗುವಿಗೂ ಹಾರ್ಟಿ ಅನ್ನುತ್ತಾರೆ. ಮದುವೆಗೆ ಸರಿ. ಸಾವಿಗೆ 'ಹಾರ್ಟ್‌ಫೆಲ್ಟ್' ಆಗಬೇಕು. ಕಂಡೋಲ್ ಅನ್ನುವ ಕ್ರಿಯಾಪದದ ಗೋಜಿಗೆ ಹೋಗದಿದ್ದರೆ ಇನ್ನೂ ಒಳ್ಳೆಯದು. ನಮ್ಮ ದೇಶದ ಇಂಗ್ಲಿಷ್ ಪೇಪರುಗಳಲ್ಲಿ 'ಸಾವನ್ನು ಕಂಡೋಲ್ ಮಾಡಿದರು' ಅಂತ ಬರುತ್ತದೆ. ಇಂಗ್ಲಿಷಿನ ಸಾಮಾನ್ಯ ರೂಢಿಯಲ್ಲಿ ಮನುಷ್ಯರ 'ಜೊತೆ' ಕಂಡೋಲ್ ಮಾಡಬೇಕು. ಶಬ್ದದ ಒಳಗೇ 'ಜೊತೆ' ಕೂತಿದೆಯಲ್ಲ.

ಇನ್ನು ಮೊಬೈಲಿನ ಅನುವಾದ. ಒಬ್ಬ ಹುಡುಗ ಬಂದ. ಅವನ ಗೆಳೆಯ ಬೆಂಗಳೂರಿನವನು, ಅಪ್ಪನನ್ನು ಕಳೆದುಕೊಂಡಿದ್ದ. ಇವನು ಇಂಗ್ಲಿಷಿನ 'ಸಾರಿ ಫಾರ್ ಯುವರ್ ಲಾಸ್' ಅನ್ನುವುದನ್ನು ಆಪಿಗೆ ಹಾಕಿ ಕನ್ನಡ ಮಾಡಿಸಿಕೊಂಡಿದ್ದ. ಬಂದದ್ದು 'ನಿಮ್ಮ ನಷ್ಟಕ್ಕೆ ಕ್ಷಮಿಸಿ.' "ಏ ತಮಾ, ಅವನ ಅಪ್ಪನಿಗೆ ನೀನು ಏನಾದರೂ ಮಾಡಿದ್ಯಾ?" ಅಂದೆ. ಹುಡುಗ ಕಕ್ಕಾಬಿಕ್ಕಿ. ಇಂಗ್ಲಿಷಿನ ಸಾರಿ ಹುಟ್ಟಿದ್ದು ಹುಣ್ಣು, ನೋವು ಅನ್ನುವ ಅರ್ಥದ 'ಸೋರ್' ಬಳಗದಲ್ಲಿ. ಮೂಲದಲ್ಲಿ 'ನನಗೆ ನೋಯುತ್ತಿದೆ' ಅಂತಲೇ ಅದರ ಅರ್ಥ, ಕ್ಷಮೆ ಆಮೇಲೆ ಸೇರಿಕೊಂಡದ್ದು. ನಮ್ಮ 'ಕ್ಷಮಿಸಿ'ಗೆ ಆ ನೋವಿನ ಕಡೆ ಬಾಗಿಲೇ ಇಲ್ಲ. ನಷ್ಟವಂತೂ ಅಡಿಕೆ ರೇಟು ಬಿದ್ದಾಗ, ಬಲೆ ಹರಿದು ಮೀನು ಹೋದಾಗ ಆಗುವುದು. ಊರಿನ ಹಿರಿಯರು ತೀರಿಕೊಂಡರೆ ಸಭೆಯಲ್ಲಿ 'ತುಂಬಲಾರದ ನಷ್ಟ' ಅನ್ನುತ್ತಾರೆ, ಅದು ಭಾಷಣದಲ್ಲಿ ನಡೆಯುತ್ತದೆ. ಗೆಳೆಯನ ಅಪ್ಪನಿಗೆ ನಡೆಯೋದಿಲ್ಲ. 'ಅಪ್ಪ ಹೋದ್ರು ಅಂತ ಗೊತ್ತಾಯ್ತು ಮಾರಾಯ. ಏನು ಹೇಳಬೇಕು ಗೊತ್ತಾಗ್ತಿಲ್ಲ. ನಾಡಿದ್ದು ಬರ್ತೇನೆ' ಅಂತ ಬರೆದು ಕಳಿಸು ಅಂದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅಷ್ಟಕ್ಕೆಂಥ ದುಡ್ಡು?

ಎಲ್ಲಕ್ಕಿಂತ ಕೆಟ್ಟದ್ದು ಬರೀ ಆರ್‌ಐಪಿ ಅಂತ ಮೂರಕ್ಷರ ಒಗೆಯೋದು. ಅದೂ ಲ್ಯಾಟಿನ್ನೇ: 'ರೆಕ್ವಿಯೆಸ್ಕಾಟ್ ಇನ್ ಪಾಚೆ', ಅವರು ಶಾಂತಿಯಲ್ಲಿ ವಿಶ್ರಮಿಸಲಿ. ಸಮಾಧಿಯ ಕಲ್ಲಿನ ಮೇಲೆ ಕೆತ್ತುವ ಪ್ರಾರ್ಥನೆ. ಕ್ರಿಶ್ಚಿಯನ್ ಮನೆಗೆ ಪೂರ್ತಿ ಬರೆದರೆ ಚಂದವೇ. ಭಟ್ಕಳದ ಕಡೆ ಮುಸ್ಲಿಂ ಪರಿಚಯದವರಿದ್ದರೆ 'ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್' ಅನ್ನುವ ಮಾತು ಕೇಳಿರುತ್ತೀರಿ. ನಾವು ದೇವರಿಗೆ ಸೇರಿದವರು, ಅವನ ಕಡೆಗೇ ಮರಳುವವರು ಅಂತ ಅದರ ಅರ್ಥ. ಬಾಯಿಗೆ ಸರಿಯಾಗಿ ಬಾರದಿದ್ದರೆ ಕನ್ನಡದಲ್ಲೇ 'ಸುದ್ದಿ ಕೇಳಿ ಬೇಜಾರಾಯಿತು, ದೇವರು ಅವರಿಗೆ ಒಳ್ಳೆಯದು ಮಾಡಲಿ' ಅನ್ನಿ. ಹಿಂದೂ ಮನೆಗೆ ಸದ್ಗತಿ ಇದೆ, ಓಂ ಶಾಂತಿ ಇದೆ. ಯಾವುದೇ ಆಗಲಿ, ಹೋದವರ ಹೆಸರು ಅಥವಾ ನೀವು ಅವರನ್ನು ಕರೆಯುತ್ತಿದ್ದ ಬಗೆ ಒಂದು ಸಲ ಬರಬೇಕು. ಆಯಿ, ಸಣ್ಣಪ್ಪ, ದೊಡ್ಡಮ್ಮ, ಮಾಸ್ತರು. 'ದಿವಂಗತರು' ಅಂತ ಯಾರೂ ಯಾರನ್ನೂ ಕರೆದಿಲ್ಲ ಅಲ್ವಾ?

ಅವಸರ ಮಾಡಬೇಡಿ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮಣ್ಣು ಗಂಗಾವಳಿ ನದಿಯವರೆಗೂ ಹೋಯಿತು. ಕೆಲವರ ದೇಹ ಬೇಗ, ಕೆಲವರದ್ದು ವಾರ ಕಳೆದ ಮೇಲೆ ಸಿಕ್ಕಿತು. ಕೇರಳದ ಲಾರಿ ಮತ್ತು ಅದರ ಚಾಲಕನ ದೇಹ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳ ಮೇಲೆ. ಆ ದಿನಗಳಲ್ಲಿ ಹುಡುಕಾಟ ನಡೆದಿರುವಾಗಲೇ ಮೊಬೈಲಿನಲ್ಲಿ ಶ್ರದ್ಧಾಂಜಲಿಯ ಫೋಟೋಗಳು ಓಡಾಡತೊಡಗಿದವು. ಮನೆಯವರು ದಡದಲ್ಲಿ ಕಾಯುತ್ತಾ ನಿಂತಿದ್ದಾರೆ, ಇಲ್ಲಿ ಹೂವಿನ ಹಾರ ಹಾಕಿದ ಫೋಟೋ! ಅವತ್ತು ಅಂಥ ಡಿಸೈನ್ ಮಾಡಿಕೊಡಿ ಅಂತ ಬಂದವರಿಗೆ ಆಗೋದಿಲ್ಲ ಅಂದೆ. ಸುದ್ದಿ ಮನೆಯವರ ಬಾಯಿಂದ ಬರುವವರೆಗೆ ಕಂಡೋಲೆನ್ಸ್ ಇಲ್ಲ. ಅಲ್ಲಿಯವರೆಗೆ 'ಏನಾದರೂ ಬೇಕಾ, ಬರಲಾ' ಅಷ್ಟೇ.

ಎಷ್ಟು ಉದ್ದ ಬರೆಯಬೇಕು ಅಂತ ಕೇಳುತ್ತಾರೆ. ತಂತಿ ಕಾಲದವರಿಗೆ ಈ ಪ್ರಶ್ನೆ ಇರಲಿಲ್ಲ, ಶಬ್ದಕ್ಕಿಷ್ಟು ಅಂತ ದುಡ್ಡು. ಆಗ ಮನೆ ಮುಂದೆ ತಂತಿಯವನ ಸೈಕಲ್ ನಿಂತರೇ ಹೆಂಗಸರು ಒಡೆಯುವ ಮುಂಚೆ ಅಳು ಶುರು ಮಾಡುತ್ತಿದ್ದರು. 2013ರ ಜುಲೈಯಲ್ಲಿ ದೇಶದಲ್ಲಿ ಆ ಸೇವೆಯೇ ನಿಂತುಹೋಯಿತು. ಆದರೆ ಅದರ ಅಳತೆ ಒಳ್ಳೆಯದಿತ್ತು. ನಾಲ್ಕೈದು ಸಾಲು ಸಾಕು. ಸುದ್ದಿ ಯಾವಾಗ ಗೊತ್ತಾಯಿತು ಅಂತ ಒಂದು. ಹೋದವರ ಬಗ್ಗೆ ನಿಮಗೆ ನೆನಪಿರುವ ಒಂದು ಸಂಗತಿ. ನೀವು ಏನು ಮಾಡಬಲ್ಲಿರಿ ಅಂತ ಒಂದು, ಅದೂ ನಿಜವಾಗಿ ಮಾಡುವುದಾದರೆ ಮಾತ್ರ. 'ಏನೇ ಬೇಕಾದರೂ ಹೇಳಿ' ಅಂದರೆ ಯಾರೂ ಹೇಳೋದಿಲ್ಲ. 'ಹನ್ನೊಂದನೇ ದಿನ ಬೆಳಿಗ್ಗೆ ಎಲೆ ಕೊಯ್ದು ತಂದುಕೊಡುತ್ತೇನೆ' ಅಂದರೆ ಅವರಿಗೆ ಒಂದು ಚಿಂತೆ ಕಡಿಮೆ. 'ದೇವರು ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ', 'ವಯಸ್ಸಾಗಿತ್ತು ಬಿಡಿ' ಇವೆರಡನ್ನು ಬರೆಯಲೇಬೇಡಿ. ತೊಂಬತ್ತರ ಆಯಿ ಹೋದರೂ ಮಗಳಿಗೆ ಅದು ಆಯಿ ಹೋದದ್ದೇ.

ಹತ್ತಿರದ ಊರಾದರೆ ಪತ್ರವೇ ಬೇಡ, ಹೋಗಿ ಮಾತಾಡಿಸಿಕೊಂಡು ಬನ್ನಿ. ಮಾತಾಡಿಸೋದು ಅಂತ ಹೆಸರು, ಅಲ್ಲಿ ಮಾತು ಕಡಿಮೆಯೇ. ಜಗಲಿಯಲ್ಲಿ ಕೂರುತ್ತೇವೆ. ಯಾವಾಗ ಆಯ್ತು, ಹೇಗಾಯ್ತು ಅಂತ ಕೇಳುತ್ತೇವೆ. ಮನೆಯವರು ಅದೇ ಕಥೆಯನ್ನು ಇಪ್ಪತ್ತನೇ ಸಲ ಹೇಳುತ್ತಾರೆ: ರಾತ್ರಿ ಗಂಜಿ ಉಂಡದ್ದು, ಎರಡು ಗಂಟೆಗೆ ನೀರು ಕೇಳಿದ್ದು, ಅಂಬುಲೆನ್ಸಿಗೆ ಫೋನು ಮಾಡಿದ್ದು. ಮೊದಲೇ ಕೇಳಿದ್ದರೂ ಇನ್ನೊಮ್ಮೆ ಕೇಳಿಸಿಕೊಳ್ಳಬೇಕು. ಏಳುವಾಗ 'ಹೋಗಿ ಬರ್ತೇನೆ' ಅನ್ನೋದಿಲ್ಲ, ಸುಮ್ನೆ ಎದ್ದು ಹೊರಡೋದು. ಇಂಗ್ಲಿಷ್ ಪತ್ರದಲ್ಲಿ ಇದಕ್ಕೆ ಜಾಗವಿಲ್ಲ, ಕೊನೆಗೆ ಏನಾದರೊಂದು ಬರೆದು ಸಹಿ ಹಾಕಲೇಬೇಕು.

ಹೋದ ತಿಂಗಳು ಹಾಗೆ ಒಂದು ಪತ್ರ ಬರೆದೆವು. ನೌಕಾನೆಲೆ ಸೀಬರ್ಡಿನ ಕ್ವಾರ್ಟರ್ಸಿನಲ್ಲಿ ಗುತ್ತಿಗೆ ಮೇಲೆ ತೋಟದ ಕೆಲಸ ಮಾಡುವವರು ಒಬ್ಬರು, ನನ್ನ ಅಣ್ಣನ ವಯಸ್ಸು. ಅಲ್ಲಿಯ ಸಾಹೇಬರೊಬ್ಬರ ತಾಯಿ ಉತ್ತರದ ತಮ್ಮ ಊರಿನಲ್ಲಿ ತೀರಿಕೊಂಡಿದ್ದರು. "ಸಾಹೇಬ್ರು ಊರಿಗೆ ಹೋಗಿದಾರೆ. ಬರೂದ್ರೊಳಗೆ ಒಂದು ಇಂಗ್ಲಿಷ್ ಕಾಗದ ಟೇಬಲ್ ಮೇಲೆ ಇಡ್ಬೇಕು ಅಕ್ಕೋರೆ." ನಾನು ಎಂದಿನಂತೆ ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್ ಅಂತ ಹೊಡೆದು, ಇನ್ನೆರಡು ಸಾಲು ಸೇರಿಸಿ, ಪ್ರಿಂಟ್ ಕೊಡುವ ಮುಂಚೆ ಕೇಳಿದೆ. "ಆ ಅಮ್ಮನನ್ನು ನೋಡಿದ್ರಾ ನೀವು?"

"ನೋಡೂದೇನು, ಹೋದ್ವರ್ಷ ಮಳೆಗಾಲ ಪೂರ್ತಿ ಇಲ್ಲೇ ಇದ್ರಲ್ಲ. ನನ್ನ ಮನೆ ಬಸಳೆ ಬೇಕಂದ್ರು. ಅವರಿಗೆ ಕನ್ನಡ ಬರೂದಿಲ್ಲ, ನನ್ನ ಹಿಂದಿ ಅಷ್ಟಕ್ಕಷ್ಟೆ. ಎಲೆ ತೋರ್ಸಿ ತೋರ್ಸಿ ಕೇಳ್ತಿದ್ರು. ಕಡ್ಡಿ ತಂದ್ಕೊಟ್ಟೆ. ನಾ ನೆಡ್ತೆ ಅಂದ್ರೆ ಕೇಳ್ಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಕಟ್ಕೊಂಡು ತಾವೇ ನೆಟ್ರು. ಅಡುಗೆಮನೆ ಹಿಂದೆ."

"ಬಳ್ಳಿ ಇದೆಯಾ ಈಗ?"

"ಚಪ್ಪರ ತುಂಬಿದೆ. ನಾನೇ ನೀರು ಹಾಕೂದು."

ಹೊಡೆದದ್ದನ್ನು ಅಳಿಸಿದೆ. ಇಂಗ್ಲಿಷಿನಲ್ಲಿ ಹೊಸದಾಗಿ ಬರೆದದ್ದು ಇಷ್ಟೇ: 'ಸರ್, ಅಮ್ಮನವರು ತೀರಿಕೊಂಡ ಸುದ್ದಿ ಸೋಮವಾರ ತಿಳಿಯಿತು. ಕಳೆದ ಮಳೆಗಾಲದಲ್ಲಿ ಅವರು ನನ್ನಿಂದ ಬಸಳೆ ಕಡ್ಡಿ ಕೇಳಿ ಪಡೆದು ಅಡುಗೆಮನೆಯ ಹಿಂದೆ ಸ್ವತಃ ನೆಟ್ಟಿದ್ದರು. ಬಳ್ಳಿ ಈಗ ಚಪ್ಪರ ತುಂಬಿದೆ. ನೀವು ಬರುವವರೆಗೆ ನಾನು ನೀರು ಹಾಕುತ್ತಿರುತ್ತೇನೆ.' ಓದಿ ಕನ್ನಡದಲ್ಲಿ ಅರ್ಥ ಹೇಳಿದೆ. ಅವರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಸ್ವಲ್ಪ ಹಿಂಜರಿಯುತ್ತಾ ಅಂದರು.

"ಎಲ್ಲ ಸರಿ ಅಕ್ಕೋರೆ. ಆದ್ರೆ ಆ ಕಂಡೋಲೆನ್ಸ್ ಎಲ್ಲಿ? ಅದಿಲ್ದೆ ಇದು ಇಂಗ್ಲಿಷ್ ಕಾಗದ ಅಂತ ಅನ್ಸೂದಿಲ್ಲ."

ಸರಿ ಅಂತ ಕೊನೆಯ ಸಾಲಿನಲ್ಲಿ ಸೇರಿಸಿದೆ. ಎಲ್ ಇದೆಯಾ ಅಂತ ಎರಡು ಸಲ ನೋಡಿ, ಎಸ್ ಹಚ್ಚಿ, ಪ್ರಿಂಟ್ ಕೊಟ್ಟೆ.